ಖಾಲಿ ಸ್ಲಾಟಿನ ಕಥೆ

ಗ್ರಾಫಿಕ್ಸ್ ಕಾರ್ಡು ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಗೇಮ್ಸ್. ಹುಡುಗರು ರಾತ್ರಿಯಿಡೀ ಕೂತು ಆಡೋದಕ್ಕೆ ಅಪ್ಪನ ದುಡ್ಡಲ್ಲಿ ಹಾಕಿಸಿಕೊಳ್ಳೋ ವಸ್ತು ಅಂತ ಅನೇಕರ ಅಭಿಪ್ರಾಯ. ಆದರೆ ಇದರ ಇತಿಹಾಸ ಸ್ವಲ್ಪ ಕೆದಕಿ ನೋಡಿದರೆ ಸಿಗೋದು ಬೇರೆಯೇ ಕಥೆ. ಪಿಸಿಗೆ ಹೊರಗಿನವರು ಮಾಡಿಕೊಟ್ಟ ಆರಂಭದ ಗ್ರಾಫಿಕ್ಸ್ ಕಾರ್ಡುಗಳಲ್ಲಿ ದೊಡ್ಡ ಹೆಸರು ಮಾಡಿದ ಒಂದು ಕಾರ್ಡು ಹುಟ್ಟಿದ್ದು ಆಟಕ್ಕಲ್ಲ, ಅಕ್ಷರಕ್ಕೆ. ಅದೂ ನಮ್ಮ ಲಿಪಿಯ ಹಾಗೇ ತಲೆ ಮೇಲೆ, ಕಾಲ ಕೆಳಗೆ ಚಿಹ್ನೆ ಹೊತ್ತುಕೊಂಡು ನಿಲ್ಲೋ ಒಂದು ಲಿಪಿಗಾಗಿ.

ಮೊದಲಿಂದ ಹೇಳ್ತೀನಿ.

1981ರ ಆಗಸ್ಟ್‌ನಲ್ಲಿ ಐಬಿಎಂ ತನ್ನ ಪಿಸಿಯನ್ನು ಮಾರುಕಟ್ಟೆಗೆ ತಂದಾಗ ಪರದೆಗೆ ಎರಡು ಬಗೆಯ ಕಾರ್ಡುಗಳಿದ್ದವು. ಒಂದು ಎಂಡಿಎ. ಸಾಲಿಗೆ 80 ಅಕ್ಷರದಂತೆ 25 ಸಾಲು ತೋರಿಸುತ್ತಿತ್ತು, ಅಚ್ಚುಕಟ್ಟಾಗಿ. ಆದರೆ ಚಿತ್ರ ಬರೆಯಲು ಬರುತ್ತಿರಲಿಲ್ಲ. ಅಕ್ಷರಗಳ ಆಕಾರವನ್ನೆಲ್ಲ ಕಾರ್ಡಿನ ಮೇಲಿನ ರಾಮ್ ಅಲ್ಲದ ರೋಮ್ ಚಿಪ್‌ನಲ್ಲಿ ಶಾಶ್ವತವಾಗಿ ಕೂರಿಸಿಬಿಟ್ಟಿದ್ದರು. ಒಟ್ಟು 256 ಆಕಾರ, ಅಷ್ಟೇ. ಇನ್ನೊಂದು ಸಿಜಿಎ. ಇದಕ್ಕೆ 16 ಕಿಲೋಬೈಟ್ ಮೆಮೊರಿ, 320×200 ಚುಕ್ಕಿಗಳಲ್ಲಿ 4 ಬಣ್ಣ. ಚಿತ್ರ ಬರುತ್ತಿತ್ತು, ಆದರೆ ಒಂದೊಂದು ಅಕ್ಷರಕ್ಕೆ ಸಿಗುತ್ತಿದ್ದ ಜಾಗ 8 ಚುಕ್ಕಿ ಅಗಲ, 8 ಚುಕ್ಕಿ ಎತ್ತರ. ಅಷ್ಟರಲ್ಲಿ 'ಎ' 'ಬಿ' 'ಸಿ' ಬರೆಯಬಹುದು ಸ್ವಾಮಿ, 'ಸ್ತ್ರೀ' ಅಂತ ಬರೆದು ನೋಡಿ!

ಅಮೆರಿಕದಲ್ಲಿದ್ದ ಥಾಯ್ಲೆಂಡಿನ ವಿದ್ಯಾರ್ಥಿ ವಾನ್ ಸುವನ್ನುಕುಲ್ ಅವರಿಗೆ ಎದುರಾಗಿದ್ದು ಇದೇ ತೊಂದರೆ. ಅವರು ಡಾಕ್ಟರೇಟ್ ಪ್ರಬಂಧಕ್ಕಾಗಿ ಪಿಸಿಯಲ್ಲಿ ಥಾಯ್ ಲಿಪಿ ಬರೆಯಬೇಕಿತ್ತು. ಎಂಡಿಎಯಲ್ಲಿ ಆ ಅಕ್ಷರಗಳೇ ಇಲ್ಲ, ಸಿಜಿಎಯಲ್ಲಿ ಅವು ಹಿಡಿಸುವಷ್ಟು ಚುಕ್ಕಿಗಳಿಲ್ಲ. ಕೊನೆಗೆ ತಾವೇ ಒಂದು ಕಾರ್ಡು ಮಾಡಿದರು. ಅದೇ 1982ರ ಹರ್ಕ್ಯುಲಿಸ್ ಗ್ರಾಫಿಕ್ಸ್ ಕಾರ್ಡ್. 64 ಕಿಲೋಬೈಟ್ ಮೆಮೊರಿ, ಒಂದೇ ಬಣ್ಣದಲ್ಲಿ 720×348 ಚುಕ್ಕಿ. ಮರುವರ್ಷ ಬಂದ ಲೋಟಸ್ 1-2-3 ಈ ಕಾರ್ಡಿನ ಮೇಲೆ ಲೆಕ್ಕದ ಗ್ರಾಫ್‌ಗಳನ್ನೂ ತೋರಿಸಿದ್ದರಿಂದ ಆಫೀಸುಗಳವರೂ ಇದನ್ನು ಕೊಂಡರು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಐಬಿಎಂನವರು ಥಾಯ್ ಲಿಪಿಯ ಬಗ್ಗೆ ತಲೆ ಕೆಡಿಸಿಕೊಂಡಿರಲಿಲ್ಲ. ಆದರೆ ಪಿಸಿಯೊಳಗೆ 5 ಸ್ಲಾಟ್ ಬಿಟ್ಟಿದ್ದರು, ಜೊತೆಗೆ ಒಳಗಿನ ಸರ್ಕ್ಯೂಟಿನ ನಕ್ಷೆಯನ್ನೂ ಕೈಪಿಡಿಯಲ್ಲಿ ಅಚ್ಚು ಹಾಕಿದ್ದರು. ಹಾಗಾಗಿ ಅವರು ಯೋಚಿಸದೇ ಇದ್ದ ಕೆಲಸವನ್ನು ಇನ್ಯಾರೋ ಮಾಡಿಕೊಳ್ಳೋದಕ್ಕೆ ಸಾಧ್ಯವಾಯಿತು.

ಇದೇ ಬಾಗಿಲಿಂದ ನಮ್ಮ ಕನ್ನಡವೂ ಒಳಗೆ ಬಂತು. ಭಾರತೀಯ ಲಿಪಿಗಳ ಕೆಲಸ ಐಐಟಿ ಕಾನ್ಪುರದಲ್ಲಿ ಶುರುವಾಗಿ, 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಸ್ಥಾಪನೆಯಾದ ಮೇಲೆ ಅಲ್ಲಿ ಮುಂದುವರಿಯಿತು. ಅದರ ಫಲವೇ 'ಜಿಸ್ಟ್' ಕಾರ್ಡು. ಪಿಸಿಯ ಸ್ಲಾಟಿನಲ್ಲಿ ಇದನ್ನು ಕೂರಿಸಿದರೆ ಮಾಮೂಲಿ ಡಾಸ್ ಪ್ರೋಗ್ರಾಮುಗಳಲ್ಲೇ ಕನ್ನಡ, ಹಿಂದಿ, ತಮಿಳು ಮೂಡುತ್ತಿದ್ದವು. ಒತ್ತಕ್ಷರ ಎಲ್ಲಿ ಕೂರಬೇಕು, ಕೊಂಬು ಎಲ್ಲಿಗೆ ಬರಬೇಕು ಅನ್ನೋ ತಲೆನೋವನ್ನೆಲ್ಲ ಕಾರ್ಡೇ ನೋಡಿಕೊಳ್ಳುತ್ತಿತ್ತು. ಅಂದರೆ ಕನ್ನಡ ಬೇಕು ಅಂದರೆ ಕಂಪ್ಯೂಟರಿನ ಮುಚ್ಚಳ ಬಿಚ್ಚಬೇಕಿದ್ದ ಕಾಲ ಅದು. ಇವತ್ತು ಬ್ಲಾಗ್ ಕುಟ್ಟೋ ನಮಗೆ ಇದು ತಮಾಷೆ ಅನ್ನಿಸುತ್ತೆ, ಅಲ್ವಾ?

1987ರಲ್ಲಿ ವಿಜಿಎ ಬಂದು 640×480 ಚುಕ್ಕಿ, 16 ಬಣ್ಣ ಸಿಕ್ಕಿತು. ಆಮೇಲೆ ವಿಂಡೋಸ್ ಜನಪ್ರಿಯವಾಯಿತು. ವಿಂಡೋಸ್‌ಗೆ ಪ್ರತಿ ಅಕ್ಷರವೂ ಒಂದು ಚಿತ್ರವೇ, ಹಾಗಾಗಿ ಅಕ್ಷರಕ್ಕೆ ಅಂತ ಪ್ರತ್ಯೇಕ ಕಾರ್ಡು ಬೇಕಾಗಲಿಲ್ಲ. 1998ರಲ್ಲಿ 'ಬರಹ' ಬಂತು, 2001ರ ವಿಂಡೋಸ್ ಎಕ್ಸ್‌ಪಿ ಜೊತೆ 'ತುಂಗಾ' ಫಾಂಟು ಬಂತು. ಮುಂದಿನದು ನಿಮಗೆ ಗೊತ್ತೇ ಇದೆ.

ಅಕ್ಷರದ ಕೆಲಸ ಮುಗಿಸಿದ ಗ್ರಾಫಿಕ್ಸ್ ಕಾರ್ಡು ಮೂರು ಆಯಾಮದ ಲೋಕಕ್ಕೆ ಹೊರಟಿತು. 1996ರಲ್ಲಿ ತ್ರೀಡಿಎಫ್ಎಕ್ಸ್ ಕಂಪನಿಯ ವೂಡೂ ಬಂತು. ಇದೊಂದು ವಿಚಿತ್ರ ಕಾರ್ಡು. ಬರೀ ತ್ರೀಡಿ ಕೆಲಸ ಮಾತ್ರ ಮಾಡ್ತಿತ್ತು. ಹಳೇ ಕಾರ್ಡನ್ನು ತೆಗೆಯೋ ಹಾಗಿರಲಿಲ್ಲ, ಅದರ ಹಿಂಭಾಗದಿಂದ ಒಂದು ಕೇಬಲ್ ಎಳೆದು ವೂಡೂಗೆ ಕೊಟ್ಟು, ವೂಡೂವಿನಿಂದ ಮಾನಿಟರಿಗೆ ಕೊಡಬೇಕಿತ್ತು. ಆದರೂ ಅದು ನಿಜವಾದ ಅಪ್‌ಗ್ರೇಡು: ಅದೇ ಕಂಪ್ಯೂಟರು, ಒಂದೇ ಒಂದು ಹೊಸ ಕಾರ್ಡು, ಪರದೆ ಮೇಲೆ ಬೇರೆಯೇ ಪ್ರಪಂಚ. 1999ರಲ್ಲಿ ಎನ್ವಿಡಿಯಾ ತನ್ನ ಜೀಫೋರ್ಸ್ 256 ಅನ್ನು 'ಜಿಪಿಯು' ಅಂತ ಕರೆದು ಮಾರಿತು. ತ್ರೀಡಿಎಫ್ಎಕ್ಸ್ 2000ದ ಡಿಸೆಂಬರ್‌ನಲ್ಲಿ ತನ್ನ ಆಸ್ತಿಯನ್ನು ಅದೇ ಎನ್ವಿಡಿಯಾಗೆ ಮಾರೋದಕ್ಕೆ ಒಪ್ಪಿತು.

ಈ ನಡುವೆ ಬಾಗಿಲೂ ಬದಲಾಗ್ತಾ ಇತ್ತು. ಐಎಸ್ಎ ಹೋಗಿ ಪಿಸಿಐ ಬಂತು. 1997ರಲ್ಲಿ ಗ್ರಾಫಿಕ್ಸಿಗೇ ಮೀಸಲಾದ ಎಜಿಪಿ ಸ್ಲಾಟಿನ ಮದರ್‌ಬೋರ್ಡುಗಳು ಬಂದವು. 2004ರಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಬಂದು ಎಜಿಪಿಯ ಕಥೆ ಮುಗಿಸಿತು. ಕಷ್ಟಪಟ್ಟು ಪೆಂಟಿಯಂ 4 ಕೊಂಡವರು ಆಗ ನಡುನೀರಿನಲ್ಲಿ ಸಿಕ್ಕಿಕೊಂಡರು. ಹೊಸ ಕಾರ್ಡು ಹಳೇ ಸ್ಲಾಟಿಗೆ ಕೂರಲ್ಲ, ಕೂರಿಸಬೇಕು ಅಂದರೆ ಮದರ್‌ಬೋರ್ಡೇ ಬದಲಾಗಬೇಕು. ಪುಣ್ಯಕ್ಕೆ ಎಟಿಐ ಮತ್ತು ಎನ್ವಿಡಿಯಾ ಎರಡೂ ಒಂದು ಸೇತುವೆ ಚಿಪ್ ಮಾಡಿ, ಹೊಸ ಚಿಪ್‌ಗಳನ್ನೇ ಎಜಿಪಿ ಕಾರ್ಡುಗಳಲ್ಲಿ ಕೂರಿಸಿ ಕೊಟ್ಟವು. ಸ್ಲಾಟು ಸತ್ತ ಮೇಲೂ ಕೆಲವು ವರ್ಷ ಹಳೇ ಕಂಪ್ಯೂಟರುಗಳು ಉಸಿರಾಡಿದ್ದು ಹೀಗೆ.

ಇಷ್ಟೆಲ್ಲ ಯಾಕೆ ನೆನಪಾಯ್ತು ಅಂದರೆ, ನನ್ನ ಅಕ್ಕನ ಮಗಳು ಅನಿಮೇಶನ್ ಕಲೀತಿದ್ದಾಳೆ. ಅವಳ ಹತ್ತಿರ ಇರೋದು ಯಾವುದೋ ಆಫೀಸಿನವರು ಬೇಡ ಅಂತ ಮಾರಿದ 2013ರ ಕಾಲದ ಸೆಕೆಂಡ್ ಹ್ಯಾಂಡ್ ಕಂಪ್ಯೂಟರು. ಬ್ಲೆಂಡರ್ ತೆರೆದರೆ ಆಮೆ ನಡಿಗೆ. "ಮಾಮ, ಇದನ್ನ ಎಸೆಯೋದೇನಾ?" ಅಂತ ಕೇಳಿದಳು. ಹೊಸದು ಕೊಡಿಸೋ ಸ್ಥಿತಿಯಲ್ಲಿ ಅಕ್ಕ ಇಲ್ಲ. ಮುಚ್ಚಳ ಬಿಚ್ಚಿ ನೋಡಿದೆ. ಉದ್ದನೆಯ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟು ಧೂಳು ತಿನ್ನುತ್ತಾ ಖಾಲಿ ಕೂತಿತ್ತು.

ಆದರೆ ಸ್ಲಾಟು ಇದ್ದರೆ ಸಾಲದು. ಎಸ್ಎಂಪಿಎಸ್ ಚಿಕ್ಕದು, ಕಾರ್ಡಿಗೆ ಅಂತ ಬೇರೆ ವಿದ್ಯುತ್ ವೈರು ಇಲ್ಲ. ಸ್ಲಾಟು ತಾನಾಗಿ ಕೊಡೋದು 75 ವ್ಯಾಟ್ ಮಾತ್ರ. ಹೊಸ ಕಾರ್ಡುಗಳಲ್ಲಿ ಕೆಲವು ಹಳೇ ಬಯೋಸ್ ಜೊತೆ ಮಾತೇ ಆಡಲ್ಲ. 2022ರ ರೇಡಿಯಾನ್ ಆರ್ಎಕ್ಸ್ 6500 ಎಕ್ಸ್‌ಟಿ ಬಳಸೋದು 4 ಲೇನ್ ಮಾತ್ರ, ಹಾಗಾಗಿ ಹಳೇ ಪೀಳಿಗೆಯ ಸ್ಲಾಟಿನಲ್ಲಿ ಅದರ ವೇಗ ಬಿದ್ದುಹೋಗುತ್ತೆ. ಹಳೇ ಕಂಪ್ಯೂಟರಿಗೆ ಹೊಸದೇ ಒಳ್ಳೇದು ಅಂತೇನಿಲ್ಲ. ಕೊನೆಗೆ ಹುಡುಕಿ ಹಾಕಿದ್ದು 2016ರ ಜೀಫೋರ್ಸ್ ಜಿಟಿಎಕ್ಸ್ 1050 ಟಿಐ, ಸೆಕೆಂಡ್ ಹ್ಯಾಂಡ್. 75 ವ್ಯಾಟ್ ಒಳಗೇ ಸಂಸಾರ ನಡೆಸೋ ಕಾರ್ಡು. ಈಗ ಅವಳ ಗೊಂಬೆಗಳು ನಡೆದಾಡ್ತಿವೆ. ಇದಕ್ಕೂ ಆಯಸ್ಸಿದೆ: ಈ ಪೀಳಿಗೆಯ ಕಾರ್ಡುಗಳಿಗೆ ಎನ್ವಿಡಿಯಾ 2025ರ ಅಕ್ಟೋಬರ್‌ಗೆ ಮಾಮೂಲಿ ಡ್ರೈವರ್ ನಿಲ್ಲಿಸಿ, ಸುರಕ್ಷತೆಯ ಅಪ್‌ಡೇಟುಗಳನ್ನು ಮಾತ್ರ ಇನ್ನು ಮೂರು ವರ್ಷ ಕೊಡೋದಾಗಿ ಹೇಳಿದೆ. ಇರಲಿ, ಅವಳ ಕಲಿಕೆಗೆ ಅಷ್ಟು ಕಾಲ ಸಾಕು.

ನನಗನ್ನಿಸೋದು ಇಷ್ಟೇ. ಈಗಿನ ಬಹುಪಾಲು ಲ್ಯಾಪ್‌ಟಾಪುಗಳಲ್ಲಿ ಗ್ರಾಫಿಕ್ಸ್ ಚಿಪ್ಪನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ತೆಳ್ಳಗೆ, ನಾಜೂಕಾಗಿ ಇರುತ್ತೆ, ಬೇಡ ಅನ್ನಲ್ಲ. ಆದರೆ ತಯಾರಕರು ಏನು ಯೋಚಿಸಿದ್ದರೋ ಅದಕ್ಕಿಂತ ಹೆಚ್ಚಿನದು ಅದರಿಂದ ಆಗಲ್ಲ. 1981ರ ಪಿಸಿ ಹಾಗೇ ಇದ್ದಿದ್ದರೆ ಹರ್ಕ್ಯುಲಿಸ್ ಇರ್ತಿರಲಿಲ್ಲ, ಜಿಸ್ಟ್ ಇರ್ತಿರಲಿಲ್ಲ. ಕನ್ನಡ ಬೇಕು ಅಂದವರು ಯಾರದೋ ದಯೆಗಾಗಿ ಕಾಯುತ್ತಾ ಕೂರಬೇಕಿತ್ತು. ಖಾಲಿ ಸ್ಲಾಟು ಅಂದರೆ ದಂಡವಾದ ಜಾಗ ಅಲ್ಲ, ಮುಂದೆ ಬರೋ ಯಾರಿಗೋ ಕಾದಿರಿಸಿದ ಸೀಟು.

ನಿಮ್ಮ ಅಟ್ಟದ ಮೇಲೂ ಒಂದು ಹಳೇ ಡಬ್ಬ ಇರಬಹುದು. ಗುಜರಿಗೆ ಹಾಕೋ ಮುಂಚೆ ಒಮ್ಮೆ ಮುಚ್ಚಳ ಬಿಚ್ಚಿ ನೋಡಿ. ಯಾವ ಸ್ಲಾಟು ಸಿಕ್ಕಿತು ಅಂತ ನನಗೂ ಹೇಳಿ.