ನವರಂಗ್ ಸಿಗ್ನಲ್‌ನಲ್ಲಿ ಬಿದ್ದ ಮೇಲೆ: ನಡೆಯೋಕಾಗೋ ಸೈಕಲ್ ಶೂ ಹುಟ್ಟಿದ ಕಥೆ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇವೆ.)

ಸೈಕಲ್ ಮೇಲಿದ್ರೆ ಮಾತ್ರ ದಯವಿಟ್ಟು ಒಂದು ಪಕ್ಕಕ್ಕೆ ನಿಲ್ಲಿಸಿ ಕೇಳಿ. ಯಾಕಂದ್ರೆ ಇವತ್ತಿನ ಕಥೆ ಶುರುವಾಗೋದೇ ನಾನು ಸೈಕಲ್‌ನಿಂದ ಬಿದ್ದಿದ್ದರಿಂದ.

ನಮ್ಮ ಮನೆ ಬಸವೇಶ್ವರನಗರದಲ್ಲಿ. ಸೈಕಲ್‌ಗೆ ಹೊಸ ಕ್ಲಿಪ್‌ಲೆಸ್ ಪೆಡಲ್ ಹಾಕಿಸಿ ಮೂರನೇ ದಿನ. ರಾಜಾಜಿನಗರದ ನವರಂಗ್ ಸಿಗ್ನಲ್‌ನಲ್ಲಿ ಕೆಂಪು ದೀಪ ಬಿತ್ತು, ಬ್ರೇಕ್ ಹಿಡಿದೆ, ಸೈಕಲ್ ನಿಂತಿತು. ಆದ್ರೆ ಕಾಲು ಪೆಡಲ್ ಬಿಟ್ಟು ಬರಲೇ ಇಲ್ಲ. ಕಡಿದ ಬಾಳೆಗಿಡದ ಹಾಗೆ ನಿಧಾನಕ್ಕೆ ಬಲಕ್ಕೆ ಉರುಳಿದೆ. ಹಿಂದಿದ್ದ ಆಟೋದವರು ಸಮಯಕ್ಕೆ ಸರಿಯಾಗಿ ಬ್ರೇಕ್ ಹಾಕಿದ್ರು. ಇಲ್ಲದಿದ್ರೆ ಈ ಸಂಚಿಕೆಯೇ ಇರ್ತಿರಲಿಲ್ಲ. ಅವರು ಇಳಿದು ಬಂದು ಸೈಕಲ್ ಎತ್ತಿ ನಿಲ್ಲಿಸಿದ್ರು. ನನ್ನ ಶೂ ನೋಡಿದ್ರು, ಪೆಡಲ್ ನೋಡಿದ್ರು. "ಏನಮ್ಮಾ, ಕಾಲು ಕಟ್ಕೊಂಡು ಯಾರಾದ್ರೂ ಸೈಕಲ್ ಹೊಡೀತಾರಾ?" ಅಂದ್ರು.

ಒಳ್ಳೇ ಪ್ರಶ್ನೆ. ಮನುಷ್ಯ ಯಾಕೆ ಸೈಕಲ್‌ಗೆ ಕಾಲು ಕಟ್ಕೊಂಡ? ದಿನಾ ಓಡಾಡೋ ನಮಗೆ ಅದು ಬೇಕಾ? ಇದಕ್ಕೆ ಉತ್ತರ ಅಂಗಡಿಯ ಬೆಲೆಪಟ್ಟಿಯಲ್ಲಿಲ್ಲ, ಪೆಡಲ್‌ನ ಇತಿಹಾಸದಲ್ಲಿದೆ.

ಮಿಲ್ ಸೈರನ್ ಕಾಲ

ಮೊದಲು ನಮ್ಮ ಏರಿಯಾದಿಂದಲೇ ಶುರು ಮಾಡೋಣ. ಬೆಂಗಳೂರಿನ ಪಶ್ಚಿಮ ಭಾಗ ಸೈಕಲ್ ತುಳಿಯುವವರ ನಾಡಾಗಿತ್ತು. 1884ರಲ್ಲಿ ಶುರುವಾದ, ಮುಂದೆ ಬಿನ್ನಿ ಮಿಲ್ ಅಂತ ಹೆಸರಾದ ಬಟ್ಟೆ ಗಿರಣಿ ಇತ್ತು. ಮಿನರ್ವ ಮಿಲ್ ಇತ್ತು. 1940ರ ದಶಕದ ಕೊನೆಯ ಹೊತ್ತಿಗೆ ರಾಜಾಜಿಯವರ ಹೆಸರಿನಲ್ಲಿ ರಾಜಾಜಿನಗರ ತಲೆ ಎತ್ತಿತು. ಅದೂ ಕೈಗಾರಿಕಾ ಬಡಾವಣೆಯಾಗಿ. ಸೈರನ್ ಕೂಗಿದ್ರೆ ಸಾಕು, ಗೇಟಿನಿಂದ ಸೈಕಲ್‌ಗಳ ಸಾಲು ಹೊರಗೆ ಬರ್ತಿತ್ತು. ಹ್ಯಾಂಡಲ್‌ಗೆ ಊಟದ ಡಬ್ಬಿ, ಕಾಲಲ್ಲಿ ಚಪ್ಪಲಿ.

ಆ ಸೈಕಲ್‌ಗಳು ನಮ್ಮ ದೇಶದಲ್ಲೇ ತಯಾರಾಗೋಕೆ ಶುರುವಾಗಿದ್ದವು. ಮದರಾಸಿನಲ್ಲಿ 1949ರಲ್ಲಿ ಟಿಐ ಸೈಕಲ್ಸ್, ಸೋನಿಪತ್‌ನಲ್ಲಿ 1951ರಲ್ಲಿ ಅಟ್ಲಾಸ್, ಲುಧಿಯಾನದಲ್ಲಿ 1956ರಲ್ಲಿ ಹೀರೋ. ಎಲ್ಲದರಲ್ಲೂ ಎರಡು ರಬ್ಬರ್ ಇಟ್ಟಿಗೆ ಕೂರಿಸಿದಂಥ ಚಪ್ಪಟೆ ಪೆಡಲ್. ಬರಿಗಾಲಲ್ಲಿ ತುಳೀಬಹುದು, ಹವಾಯಿ ಚಪ್ಪಲಿಯಲ್ಲಿ ತುಳೀಬಹುದು, ಬಾಡಿಗೆ ಸೈಕಲ್ ತಗೊಂಡ ಹುಡುಗರು ಕಂಬಿಯೊಳಗೆ ಕಾಲು ತೂರಿಸಿ ಒಳಪೆಡ್ಲು ಕೂಡ ಹೊಡೀಬಹುದು. ಆಗ 'ಕ್ಲಿಪ್' ಅಂದ್ರೆ ಒಂದೇ ಅರ್ಥ: ಚೈನಿಗೆ ಸಿಗದ ಹಾಗೆ ಪ್ಯಾಂಟಿನ ತುದಿಗೆ ಹಾಕ್ಕೊಳ್ತಿದ್ದ ಸ್ಟೀಲ್ ಕ್ಲಿಪ್.

ಗಮನಿಸಿ, ಆ ಪೆಡಲ್ ಮಾಡಿದ್ದೇ ಇಳಿದು ನಡೆಯೋ ಮನುಷ್ಯನಿಗೆ. ತರಕಾರಿ ತಗೊಳ್ಳೋಕೆ ಇಳೀಬೇಕು, ದಿಣ್ಣೆ ಬಂದ್ರೆ ಇಳಿದು ತಳ್ಳಬೇಕು. ಪೆಡಲ್ ಅದಕ್ಕೆ ಅಡ್ಡ ಬರ್ತಿರಲಿಲ್ಲ.

ರೇಸಿನವರ ಪಂಜರ

ಅತ್ತ ಯುರೋಪಿನ ರೇಸುಗಳಲ್ಲಿ ಬೇರೆಯೇ ಕಥೆ. ಜೋರಾಗಿ ತುಳಿಯುವಾಗ ಕಾಲು ಪೆಡಲ್‌ನಿಂದ ಜಾರಿದ್ರೆ ಬೀಳ್ತಾರೆ. ಅದಕ್ಕೆ ಪೆಡಲ್ ಮುಂದೆ ಸ್ಟೀಲಿನ ಒಂದು ಪುಟ್ಟ ಪಂಜರ ಬಂತು, ಹೆಸರು ಟೋ ಕ್ಲಿಪ್. ಅದರ ಮೇಲೆ ಚರ್ಮದ ಪಟ್ಟಿ. ಬಿಗಿದ್ರೆ ಕಾಲು ಅಲುಗಲ್ಲ. ಬಿಡಿಸ್ಕೊಳ್ಳೋಕೆ ಮಾತ್ರ ಬಗ್ಗಿ ಕೈಯಿಂದ ಪಟ್ಟಿ ಸಡಿಲ ಮಾಡಬೇಕು. ದಶಕಗಟ್ಟಲೆ ರೇಸಿನವರು ಹೀಗೇ ಓಡಿಸಿದರು.

ಬದಲಾವಣೆ ಬಂದಿದ್ದು ಹಿಮದಿಂದ! ಫ್ರಾನ್ಸ್‌ನ 'ಲುಕ್' ಕಂಪನಿ ಸ್ಕೀಯಿಂಗ್ ಮಾಡುವವರ ಬೂಟನ್ನು ಹಲಗೆಗೆ ಹಿಡಿದಿಡೋ ಕೊಂಡಿ ತಯಾರಿಸ್ತಿತ್ತು. ಬಿದ್ದಾಗ ಕಾಲು ಮುರೀಬಾರದು ಅಂತ ಆ ಕೊಂಡಿ ತಾನಾಗೇ ಬಿಟ್ಕೊಳ್ತಿತ್ತು. ಇದೇ ಉಪಾಯವನ್ನು 1984ರಲ್ಲಿ ಅವರು ಪೆಡಲ್‌ಗೆ ತಂದರು. ಶೂ ತಳಕ್ಕೆ 'ಕ್ಲೀಟ್' ಅನ್ನೋ ಒಂದು ತುಂಡು. ಪೆಡಲ್ ಮೇಲೆ ಒತ್ತಿದ್ರೆ 'ಟಕ್' ಅಂತ ಕೂರುತ್ತೆ, ಹಿಮ್ಮಡಿ ಹೊರಕ್ಕೆ ತಿರುಗಿಸಿದ್ರೆ ಬಿಟ್ಕೊಳ್ಳುತ್ತೆ. 1985ರಲ್ಲಿ ಬರ್ನಾರ್ಡ್ ಹಿನೋ ಈ ಪೆಡಲ್ ತುಳಿದು ತಮ್ಮ ಐದನೇ ಟೂರ್ ಡಿ ಫ್ರಾನ್ಸ್ ಗೆದ್ದರು. ಪಂಜರದ ಕಾಲ ಅಲ್ಲಿಗೆ ಮುಗೀತಾ ಬಂತು.

ಹೆಸರಿನ ಗೊಂದಲವೂ ಇಲ್ಲೇ ಬಿಡಿಸಿಕೊಳ್ಳೋಣ. ಕಾಲು ಸಿಕ್ಕಿಸೋ ಪೆಡಲ್‌ಗೆ 'ಕ್ಲಿಪ್‌ಲೆಸ್' ಅಂತ ಯಾಕೆ ಹೆಸರು? ಇಲ್ಲದೇ ಇರೋದು ಆ ಹಳೇ ಟೋ ಕ್ಲಿಪ್. ಅಷ್ಟೇ.

ಆದರೆ ರೇಸಿನವರಿಗೆ ನಡೆಯೋ ಚಿಂತೆಯೇ ಇರಲಿಲ್ಲ. ಹಾಗಾಗಿ ಆ ಕ್ಲೀಟ್ ದೊಡ್ಡದು, ಮೂರು ಬೋಲ್ಟಿನದು, ತಳದಿಂದ ಹೊರಗೆ ಚಾಚಿಕೊಂಡಿರುತ್ತೆ. ಶೂ ತಳ ಹಲಗೆಯಷ್ಟು ಗಟ್ಟಿ. ಕೆಂಗೇರಿ ದಾಟಿ ಬಿಡದಿಗೆ ತಟ್ಟೆ ಇಡ್ಲಿ ತಿನ್ನೋಕೆ ಹೋದವರನ್ನ ನೋಡಿ: ಹೋಟೆಲಿನ ಒದ್ದೆ ಟೈಲ್ಸ್ ಮೇಲೆ ಬಾತುಕೋಳಿ ನಡಿಗೆ, ಒಂದು ಕೈ ಗೋಡೆ ಮೇಲೆ.

ಕೆಸರು ಕಲಿಸಿದ ಪಾಠ

ನಮ್ಮಂಥವರಿಗೆ ದಾರಿ ಮಾಡಿಕೊಟ್ಟವರು ಮೌಂಟನ್ ಬೈಕಿನವರು. ಕೆಸರು, ಬಂಡೆ, ಕಡಿದಾದ ಏರು ಬಂದ್ರೆ ಅವರು ಇಳೀಲೇಬೇಕು, ಸೈಕಲ್ ಹೆಗಲ ಮೇಲಿಟ್ಟು ನಡೀಲೇಬೇಕು. ಅವರಿಗಾಗಿ ಜಪಾನಿನ ಶಿಮಾನೊ ಕಂಪನಿ 1990ರಲ್ಲಿ ಎಸ್‌ಪಿಡಿ ಅನ್ನೋ ಪದ್ಧತಿ ತಂದಿತು. ಕ್ಲೀಟ್ ಸಣ್ಣದಾಯ್ತು, ಲೋಹದ್ದಾಯ್ತು, ಎರಡೇ ಬೋಲ್ಟ್. ಮುಖ್ಯವಾಗಿ, ಅದು ಶೂ ತಳದ ಒಂದು ಗುಳಿಯಲ್ಲಿ ಅಡಗಿ ಕೂತಿತು. ಸುತ್ತಲೂ ರಬ್ಬರ್. ನಡೆದಾಗ ನೆಲ ಮುಟ್ಟೋದು ಹೆಚ್ಚಾಗಿ ರಬ್ಬರೇ ಹೊರತು ಲೋಹ ಅಲ್ಲ.

ಅಂದ್ರೆ, ಇಳಿದು ನಡೆಯೋ ಮನುಷ್ಯ ಎಷ್ಟೋ ವರ್ಷ ಆದ ಮೇಲೆ ಮತ್ತೆ ಪೆಡಲ್ ತಯಾರಕರ ಕಣ್ಣಿಗೆ ಬಿದ್ದ. ಮಾಗಡಿ ರೋಡಿನ ಮಿಲ್ ಕಾರ್ಮಿಕರಿಗೆ ಇದ್ದ ಅಗತ್ಯವೇ ಅವನಿಗೂ ಇತ್ತು.

ಹಾಗಾದ್ರೆ ನಾವೇನು ಕೊಳ್ಳಬೇಕು?

ಅಂಗಡಿಗೆ ಹೋಗಿ "ಯಾವುದು ಬೆಸ್ಟ್?" ಅಂತ ಕೇಳಬೇಡಿ. ನಿಮ್ಮನ್ನೇ ಕೇಳ್ಕೊಳ್ಳಿ: ನನ್ನ ದಾರಿಯಲ್ಲಿ ಎಷ್ಟು ಸಲ ಕಾಲು ನೆಲಕ್ಕೆ ಇಡ್ತೀನಿ? ನನ್ನದೇ ಲೆಕ್ಕ ಕೇಳಿ. ಹಾವನೂರು ಸರ್ಕಲ್ಲಿಂದ ವಿಜಯನಗರ ಮೆಟ್ರೋ ಸ್ಟೇಷನ್ನಿಗೆ ಹೋಗೋಷ್ಟರಲ್ಲಿ ಸಿಗ್ನಲ್, ಹಂಪ್, ಅಡ್ಡ ಬರೋ ಬಸ್ಸು. ಸೈಕಲ್ ನಿಲ್ಲಿಸಿದ ಮೇಲೆ ಮೆಟ್ಟಿಲು. ಸಂಜೆ ದೇವಸ್ಥಾನಕ್ಕೆ ಹೋದ್ರೆ ಶೂ ಬಿಚ್ಚಬೇಕು. ಈ ದಾರಿಗೆ ಮೂರು ಬೋಲ್ಟಿನ ಶೂ ಬೇಡವೇ ಬೇಡ.

ಮೊದಲ ಆಯ್ಕೆ ಇವತ್ತಿಗೂ ಚಪ್ಪಟೆ ಪೆಡಲ್. ಮುಳ್ಳಿನಂಥ ಪಿನ್ ಇರೋ ಅಗಲ ಪೆಡಲ್, ಸ್ವಲ್ಪ ಗಟ್ಟಿ ರಬ್ಬರ್ ತಳದ ಶೂ. ಊರೊಳಗೆ ಸಾಮಾನ್ಯ ವೇಗದಲ್ಲಿ ಹೋಗೋರಿಗೆ ಕಾಲು ಕಟ್ಕೊಂಡ್ರೆ ದೊಡ್ಡ ಲಾಭ ಏನಿಲ್ಲ. ಕಾಲು ಮೇಲಕ್ಕೆ ಎಳೆದಾಗಲೂ ಶಕ್ತಿ ಸಿಗುತ್ತೆ ಅನ್ನೋದು ಹಳೇ ನಂಬಿಕೆ. ನಿಜವಾಗಿ ಸೈಕಲ್ ಓಡೋದು ಕೆಳಕ್ಕೆ ತುಳಿಯೋದರಿಂದ. ಆದ್ರೆ ಹವಾಯಿ ಚಪ್ಪಲಿ ಮಳೆಯಲ್ಲಿ ಜಾರುತ್ತೆ, ಅಜ್ಜಂದಿರ ಆ ಒಂದು ಅಭ್ಯಾಸ ಬಿಡೋಣ.

ವಾರಕ್ಕೊಮ್ಮೆ ಕೆಂಗೇರಿ ಆಚೆ ದೂರ ಹೋಗ್ತೀರಿ, ಗುಂಡಿಯಲ್ಲಿ ಕಾಲು ಜಾರಬಾರದು ಅನ್ಸುತ್ತೆ ಅಂದ್ರೆ ಎಸ್‌ಪಿಡಿ ನೋಡಿ. ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಕೊಂಡಿ ಇರೋ ಪೆಡಲ್ ಸಿಗುತ್ತೆ. ವಾರದ ದಿನ ಚಪ್ಪಟೆ ಕಡೆ, ಭಾನುವಾರ ಕೊಂಡಿ ಕಡೆ.

ಶೂ ಕೊಳ್ಳೋಕೆ ಸಂಜೆ ಹೋಗಿ. ದಿನವಿಡೀ ಓಡಾಡಿದ ಕಾಲು ಸ್ವಲ್ಪ ಊದಿರುತ್ತೆ, ಸರಿಯಾದ ಅಳತೆ ಆಗ ಗೊತ್ತಾಗುತ್ತೆ. ತಳದಲ್ಲಿ ಎರಡು ಬೋಲ್ಟಿನ ಜಾಗ ಇದೆಯಾ ನೋಡಿ. ಹಾಕ್ಕೊಂಡು ಅಂಗಡಿಯಲ್ಲೇ ಐವತ್ತು ಹೆಜ್ಜೆ ನಡೀರಿ, ಮೆಟ್ಟಿಲು ಹತ್ತಿ ಇಳೀರಿ. ಹಿಮ್ಮಡಿ ಮೇಲೆದ್ದು ಬಂದ್ರೆ, ಮುಂಗಾಲ ಹತ್ತಿರ ಚೂರೂ ಬಗ್ಗದಿದ್ರೆ ಅದು ನಿಮ್ಮ ಶೂ ಅಲ್ಲ. ಕ್ಲೀಟಿನಲ್ಲೂ ಎರಡು ಥರ. ಹಿಮ್ಮಡಿ ಪಕ್ಕಕ್ಕೆ ತಿರುಗಿಸಿದ್ರೆ ಮಾತ್ರ ಬಿಡೋದು ಒಂದು. ಗಾಬರಿಯಲ್ಲಿ ಮೇಲಕ್ಕೆ ಓರೆಯಾಗಿ ಎಳೆದ್ರೂ ಬಿಡೋದು ಇನ್ನೊಂದು, ಅದರ ಹೆಸರು ಮಲ್ಟಿ ರಿಲೀಸ್. ಹೊಸಬರಿಗೆ ಎರಡನೇದೇ ಸರಿ. ನಾನು ಬಿದ್ದಾಗ ನನ್ನ ಶೂನಲ್ಲಿದ್ದಿದ್ದು ಮೊದಲನೇದು. ಪೆಡಲ್ ಪಕ್ಕದ ಸ್ಕ್ರೂ ತಿರುಗಿಸಿ ಹಿಡಿತವನ್ನು ಅತಿ ಸಡಿಲಕ್ಕೆ ಇಡಬಹುದು ಅನ್ನೋದೂ ಗೊತ್ತಿರಲಿಲ್ಲ.

ಮನೇಲೇ ಪೆಡಲ್ ಬದಲಾಯಿಸ್ತೀರಾ? ಎಡ ಪೆಡಲ್‌ನ ಮರೆ ಉಲ್ಟಾ ಇರುತ್ತೆ, ಬಲವಂತ ಮಾಡಬೇಡಿ. ಆಮೇಲೆ ಗೋಡೆ ಹಿಡ್ಕೊಂಡು ನಿಂತಲ್ಲೇ ಕಾಲು ಸಿಕ್ಕಿಸಿ ಬಿಡಿಸಿ. ಖಾಲಿ ಮೈದಾನದಲ್ಲಿ ಒಂದು ವಾರ. ಕೈಕಾಲಿಗೆ ಅಭ್ಯಾಸ ಆದ ಮೇಲೇ ರಸ್ತೆ. ಸಿಗ್ನಲ್ ಇನ್ನೂ ದೂರ ಇರುವಾಗಲೇ ಎಡಗಾಲು ಬಿಡಿಸಿ, ಎಡಕ್ಕೇ ವಾಲಿ. ನಮ್ಮಲ್ಲಿ ಗಾಡಿಗಳು ಬರೋದು ಬಲಗಡೆಯಿಂದ. ನಾನು ಬಲಕ್ಕೆ ಬಿದ್ದೆ ಅಂದೆನಲ್ಲ, ಆಟೋ ಇದ್ದಿದ್ದೂ ಆ ಕಡೆಯೇ.

ಈಗ ನನ್ನದು ಎರಡು ಕಡೆಯ ಪೆಡಲ್, ಎರಡು ಬೋಲ್ಟಿನ ಶೂ, ಲೇಸ್ ಬದಲು ವೆಲ್ಕ್ರೋ ಪಟ್ಟಿ. ನವರಂಗ್ ಸಿಗ್ನಲ್ ಬಂದಾಗ ಇವತ್ತಿಗೂ ಚಪ್ಪಟೆ ಕಡೆಯೇ ಕಾಲಿಡ್ತೀನಿ. ಆ ಆಟೋದವರು ಮತ್ತೆ ಸಿಕ್ಕಿಲ್ಲ. ಸಿಕ್ಕಿದ್ರೆ ಹೇಳಬೇಕು: ಅಣ್ಣಾ, ಕಟ್ಕೊಳ್ತಾರೆ, ಆದ್ರೆ ಬಿಡಿಸ್ಕೊಳ್ಳೋದನ್ನ ಮೊದಲು ಕಲೀಬೇಕಿತ್ತು.

ನಿಮ್ಮ ಮನೇಲಿ ಮಿಲ್ಲಿಗೋ ಫ್ಯಾಕ್ಟರಿಗೋ ಸೈಕಲ್ ತುಳಿದ ಅಜ್ಜ ಇದ್ರೆ, ಕಾಲಿಗೆ ಏನು ಹಾಕ್ಕೊಳ್ತಿದ್ರು ಅಂತ ಒಮ್ಮೆ ಕೇಳಿ ನೋಡಿ.