ಅಳಿದ ಹಾದಿಗಳ ಅಳತೆ: ರೇಸಿಂಗ್ ಸಿಮ್ಯುಲೇಟರುಗಳು ಮತ್ತು ಮೋಟಾರು ರೇಸಿನ ಚರಿತ್ರೆ

ಮೋಟಾರು ರೇಸಿನ ಚರಿತ್ರೆಯನ್ನು ಬರೆಯುವವರಿಗೆ ಫಲಿತಾಂಶಗಳ ಪಟ್ಟಿ, ಪತ್ರಿಕಾ ವರದಿ, ಛಾಯಾಚಿತ್ರ ಮತ್ತು ಚಾಲಕರ ನೆನಪಿನ ಬರಹಗಳು ಹೇರಳವಾಗಿ ದೊರೆಯುತ್ತವೆ. ದೊರೆಯದಿರುವುದು ಆ ಪಂದ್ಯಗಳು ನಡೆದ ರಸ್ತೆ. 1960ರ ದಶಕದಲ್ಲಿ ಗ್ರಾಂಡ್ ಪ್ರಿ ಕಾರುಗಳು ಓಡಿದ ಯುರೋಪಿನ ಹಾದಿಗಳಲ್ಲಿ ಕೆಲವನ್ನು ಮೊಟಕುಗೊಳಿಸಲಾಗಿದೆ, ಕೆಲವುಗಳ ಏರಿಳಿತವನ್ನು ತಗ್ಗಿಸಲಾಗಿದೆ, ಇನ್ನು ಕೆಲವು ಹಳ್ಳಿಯಿಂದ ಹಳ್ಳಿಗೆ ಹೋಗುವ ಸಾಮಾನ್ಯ ರಸ್ತೆಗಳಾಗಿಯಷ್ಟೇ ಉಳಿದಿವೆ. ಕಾರಿನ ಮೇಲೆ ವರ್ತಿಸುವ ಬಲಗಳನ್ನು ಕ್ಷಣಕ್ಷಣಕ್ಕೂ ಲೆಕ್ಕಹಾಕಿ, ಅದರ ಚಲನೆಯನ್ನು ಪರದೆಯ ಮೂಲಕ ಕಣ್ಣಿಗೂ ಸ್ಟಿಯರಿಂಗ್ ಚಕ್ರದ ಮೂಲಕ ಕೈಗೂ ತಲುಪಿಸುವ ಕಂಪ್ಯೂಟರ್ ವ್ಯವಸ್ಥೆಗೆ ರೇಸಿಂಗ್ ಸಿಮ್ಯುಲೇಟರ್ ಎನ್ನುತ್ತಾರೆ. ಅದನ್ನು ಆಟದ ಸಾಮಾನಿನ ಸಾಲಿಗೆ ಸೇರಿಸಿ ಬಿಡುವುದು ರೂಢಿಯಾದರೂ, ಅಳಿದುಹೋದ ಹಾದಿಯೊಂದನ್ನು ಮತ್ತೆ ಕಟ್ಟಲು ಹೊರಟ ಸಿಮ್ಯುಲೇಟರ್ ತಯಾರಕರು ಆಕರಗಳನ್ನು ಕೂಡಿಹಾಕಿ, ಅವುಗಳನ್ನು ಪರಸ್ಪರ ತಾಳೆನೋಡಿ, ಆಕರ ಸಿಗದ ಕಡೆ ಊಹೆಯಿಂದ ಮುಂದುವರಿಯುವ ಕಾರಣ, ಅವರ ಕೆಲಸವನ್ನು ಇತಿಹಾಸ ರಚನೆಯೆಂದೇ ಪರಿಗಣಿಸಿ ಅದೇ ಕಟ್ಟುನಿಟ್ಟಿನಿಂದ ವಿಮರ್ಶಿಸುವುದು ನ್ಯಾಯ.

ಈ ಪರಂಪರೆಯ ಆರಂಭ ತೀರ ಸಣ್ಣದು. ಇಂಗ್ಲೆಂಡಿನ ಜೆಫ್ ಕ್ರಾಮಂಡ್ 1984ರಲ್ಲಿ ಬಿಬಿಸಿ ಮೈಕ್ರೋ ಎಂಬ ಶಾಲಾ ಕಂಪ್ಯೂಟರಿಗಾಗಿ ರೂಪಿಸಿದ ರೆವ್ಸ್, ಕೇವಲ 32 ಕಿಲೋಬೈಟ್ ಸ್ಮರಣೆಯೊಳಗೆ ಒಂದು ಫಾರ್ಮುಲಾ ತ್ರೀ ಕಾರನ್ನೂ ಸಿಲ್ವರ್‌ಸ್ಟೋನ್ ಹಾದಿಯನ್ನೂ ಅಡಕಗೊಳಿಸಿತು. ಅಮೆರಿಕದಲ್ಲಿ ಡೇವಿಡ್ ಕೆಮರ್ ಮತ್ತು ಒಮರ್ ಖುದಾರಿ 1987ರಲ್ಲಿ ಸ್ಥಾಪಿಸಿದ ಪಪೈರಸ್ ಸಂಸ್ಥೆ, 1989ರಲ್ಲಿ ಇಂಡಿಯಾನಾಪೊಲಿಸ್ 500 ಪಂದ್ಯವನ್ನು ಕಂಪ್ಯೂಟರಿಗೆ ತಂದು, ಟೈರಿನ ಉಷ್ಣತೆ ಮತ್ತು ರೆಕ್ಕೆಯ ಓರೆಯಂಥ ಹೊಂದಾಣಿಕೆಗಳು ಕಾರಿನ ನಡವಳಿಕೆಯನ್ನು ನಿಜಕ್ಕೂ ಬದಲಿಸುವಂತೆ ಮಾಡಿತು. ಆದರೆ ಇವೆರಡೂ ತಮ್ಮ ಕಾಲದ ಕಾರನ್ನು ತಮ್ಮ ಕಾಲದ ಹಾದಿಯ ಮೇಲೆ ತೋರಿಸಿದವೇ ಹೊರತು ಹಿಂದಿನದನ್ನು ಮರುಕಟ್ಟುವ ಉದ್ದೇಶ ಅವುಗಳಿಗಿರಲಿಲ್ಲ.

ಆ ಉದ್ದೇಶವನ್ನಿಟ್ಟುಕೊಂಡೇ ಹೊರಟ ಕೃತಿಯೆಂದರೆ ಪಪೈರಸ್ 1998ರಲ್ಲಿ ಹೊರತಂದ ಗ್ರಾಂಡ್ ಪ್ರಿ ಲೆಜೆಂಡ್ಸ್. ಅದು 1967ರ ಫಾರ್ಮುಲಾ ಒನ್ ಋತುವನ್ನು ಆರಿಸಿಕೊಂಡದ್ದಕ್ಕೆ ಬಲವಾದ ಕಾರಣವಿತ್ತು. 1966ರ ನಿಯಮ ಬದಲಾವಣೆಯಿಂದ ಇಂಜಿನ್ನುಗಳ ಗಾತ್ರ ಒಂದೂವರೆ ಲೀಟರಿನಿಂದ ಮೂರು ಲೀಟರಿಗೆ ಏರಿ ಶಕ್ತಿ ಹೆಚ್ಚಿತ್ತು. ಆದರೆ ಗಾಳಿಯ ಒತ್ತಡದಿಂದ ಕಾರನ್ನು ನೆಲಕ್ಕೆ ಅದುಮುವ ರೆಕ್ಕೆಗಳು 1968ರವರೆಗೂ ಬರಲಿಲ್ಲ. ಇವೆರಡರ ನಡುವಿನ ಅಲ್ಪಾವಧಿಯಲ್ಲಿ, ಸುಮಾರು 400 ಅಶ್ವಶಕ್ತಿಯ ಇಂಜಿನ್ ಹೊತ್ತ, 500 ಕಿಲೋಗ್ರಾಂ ಆಸುಪಾಸಿನ ತೂಕದ ಕಾರುಗಳು ಬರಿಯ ಟೈರಿನ ಹಿಡಿತವನ್ನೇ ನಂಬಿ ಓಡಬೇಕಾಗಿತ್ತು. ಅವುಗಳಲ್ಲಿ ಪ್ರಮುಖವಾದ ಲೋಟಸ್ 49, 1967ರ ಜೂನ್ 4ರಂದು ಹಾಲೆಂಡಿನ ಝಾಂಡ್‌ವೋರ್ಟಿನಲ್ಲಿ ಮೊದಲ ಬಾರಿಗೆ ಕಣಕ್ಕಿಳಿದು, ಜಿಮ್ ಕ್ಲಾರ್ಕ್ ಚಾಲನೆಯಲ್ಲಿ ಅದೇ ಪಂದ್ಯವನ್ನು ಗೆದ್ದಿತು. ಕಾಲಿನ್ ಚಾಪ್‌ಮನ್ ವಿನ್ಯಾಸದ ಈ ಕಾರಿನಲ್ಲಿ, ಕೀತ್ ಡಕ್‌ವರ್ತ್ ರೂಪಿಸಿದ ಕಾಸ್‌ವರ್ತ್ ಇಂಜಿನ್ ಚಾಲಕನ ಬೆನ್ನ ಹಿಂದೆ ಬೋಲ್ಟುಗಳಿಂದ ಬಿಗಿಯಲ್ಪಟ್ಟು, ಹಿಂಬದಿಯ ಸಸ್ಪೆನ್ಷನ್ನಿನ ಭಾರವನ್ನು ತಾನೇ ಹೊರುತ್ತಿತ್ತು. ಅಂದರೆ ಇಂಜಿನ್ ಕಾರಿನ ಚೌಕಟ್ಟಿನದೇ ಒಂದು ಭಾಗವಾಗಿತ್ತು. ಈ ಇಂಜಿನ್ನಿನ ಶಕ್ತಿ ಕೆಳಗಿನ ವೇಗದಲ್ಲಿ ಮಂದವಾಗಿದ್ದು ಒಂದು ಹಂತ ದಾಟಿದೊಡನೆ ಒಮ್ಮೆಲೇ ನುಗ್ಗಿಬರುತ್ತಿದ್ದ ಕಾರಣ, ತಿರುವಿನ ಮಧ್ಯದಲ್ಲಿ ಆಕ್ಸಿಲರೇಟರನ್ನು ತುಸು ಹೆಚ್ಚು ಒತ್ತಿದರೂ ಹಿಂಚಕ್ರಗಳು ಜಾರುತ್ತಿದ್ದವು.

ಇಂಥ ನಡವಳಿಕೆಯನ್ನು ಗಣಿತಕ್ಕೆ ಇಳಿಸುವಲ್ಲಿ ಎಲ್ಲಕ್ಕಿಂತ ಕಠಿಣವಾದದ್ದು ಟೈರು. ತಿರುವಿನಲ್ಲಿ ಟೈರು ಮುಖಮಾಡಿರುವ ದಿಕ್ಕಿಗೂ ಅದು ವಾಸ್ತವವಾಗಿ ಸಾಗುವ ದಿಕ್ಕಿಗೂ ನಡುವೆ ಒಂದು ಸಣ್ಣ ಅಂತರವಿರುತ್ತದೆ. ಅದನ್ನು ಜಾರುಕೋನ ಎನ್ನಬಹುದು. ಜಾರುಕೋನ ಹೆಚ್ಚಿದಂತೆ ಹಿಡಿತವೂ ಹೆಚ್ಚುತ್ತಾ ಹೋಗಿ, ಒಂದು ಶಿಖರ ಮುಟ್ಟಿ, ಆಮೇಲೆ ಇಳಿಯುತ್ತದೆ. ಜೊತೆಗೆ, ಟೈರಿನ ಮೇಲೆ ಬೀಳುವ ಭಾರ ಇಮ್ಮಡಿಯಾದರೆ ಹಿಡಿತ ಇಮ್ಮಡಿಗಿಂತ ಕಡಿಮೆಯೇ ಆಗುವುದರಿಂದ, ಬ್ರೇಕ್ ಒತ್ತಿದಾಗ ಮುಂದಕ್ಕೂ ವೇಗ ಹೆಚ್ಚಿಸಿದಾಗ ಹಿಂದಕ್ಕೂ ವಾಲುವ ತೂಕವು ನಾಲ್ಕೂ ಚಕ್ರಗಳ ಲೆಕ್ಕವನ್ನು ಸದಾ ಬದಲಿಸುತ್ತಿರುತ್ತದೆ. ಹಾಲೆಂಡಿನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಹಾನ್ಸ್ ಪಸೇಕಾ ಮತ್ತು ಸಂಗಡಿಗರು 1980ರ ದಶಕದಲ್ಲಿ ರೂಪಿಸಿದ ಸೂತ್ರವು, ಪ್ರಯೋಗಾಲಯದಲ್ಲಿ ಅಳೆದ ಈ ವಕ್ರರೇಖೆಗಳನ್ನು ಕೆಲವೇ ಗುಣಾಂಕಗಳಲ್ಲಿ ಹಿಡಿದಿಡುವ ದಾರಿ ತೋರಿತು. ಮುಂದೆ ಅನೇಕ ಸಿಮ್ಯುಲೇಟರುಗಳು ಅದನ್ನೋ ಅದರ ಸುಧಾರಿತ ರೂಪವನ್ನೋ ಬಳಸಿದವು.

ಆದರೆ 1967ರ ಟೈರನ್ನು ಇಂದು ಪರೀಕ್ಷಿಸುವ ಬಗೆ ಹೇಗೆ? ರಬ್ಬರು ಕಾಲ ಕಳೆದಂತೆ ಗಡುಸಾಗುವುದರಿಂದ, ವಸ್ತುಸಂಗ್ರಹಾಲಯದಲ್ಲಿ ಉಳಿದಿರುವ ಟೈರು ಅಂದಿನ ಹಿಡಿತವನ್ನು ಹೇಳಲಾರದು. ಆದ್ದರಿಂದ ತಯಾರಕರು ಅಂದಿನ ಲ್ಯಾಪ್ ಸಮಯಗಳನ್ನು, ಅಂದರೆ ಹಾದಿಯನ್ನು ಒಂದು ಸುತ್ತು ಹಾಕಲು ಹಿಡಿದ ಕಾಲವನ್ನು, ಒರೆಗಲ್ಲಾಗಿ ಬಳಸಬೇಕಾಗುತ್ತದೆ. 1967ರ ಜರ್ಮನ್ ಗ್ರಾಂಡ್ ಪ್ರಿಯ ಅರ್ಹತಾ ಸುತ್ತಿನಲ್ಲಿ ಕ್ಲಾರ್ಕ್ ನುರ್‌ಬುರ್ಗ್‌ರಿಂಗಿನ 22.8 ಕಿ.ಮೀ. ಹಾದಿಯನ್ನು 8 ನಿಮಿಷ 4.1 ಸೆಕೆಂಡುಗಳಲ್ಲಿ ಕ್ರಮಿಸಿದ್ದು, ಸರಾಸರಿ ವೇಗ ಗಂಟೆಗೆ ಸುಮಾರು 170 ಕಿ.ಮೀ. ಆಗುತ್ತದೆ. ಸಿಮ್ಯುಲೇಟರಿನಲ್ಲೂ ಇದೇ ಸಮಯ ಬಂದರೆ ಕಾರು ಸರಿಯಿದೆ ಎನ್ನಲು ಮನಸ್ಸಾಗುವುದು ಸಹಜ. ಇಲ್ಲಿ ಎಚ್ಚರ ಬೇಕು: ತಿರುವೊಂದು ಇರಬೇಕಾದದ್ದಕ್ಕಿಂತ ಅಗಲವಾಗಿದ್ದು ಟೈರಿನ ಹಿಡಿತ ಇರಬೇಕಾದದ್ದಕ್ಕಿಂತ ಕಡಿಮೆಯಿದ್ದರೂ ಅದೇ ಸಮಯ ಬರಬಹುದು, ಎರಡು ತಪ್ಪುಗಳು ಒಂದನ್ನೊಂದು ಮರೆಮಾಚಬಹುದು. ಕಾರಿನ ನಿಖರತೆಯನ್ನು ಹಾದಿಯ ನಿಖರತೆಯಿಂದ ಬೇರ್ಪಡಿಸಿ ನೋಡಲಾಗದು ಎಂಬುದು ಈ ಇಡೀ ಉದ್ಯಮದ ಮೂಲ ಸಮಸ್ಯೆ.

ನುರ್‌ಬುರ್ಗ್‌ರಿಂಗ್ ಇದಕ್ಕೆ ಉತ್ತಮ ನಿದರ್ಶನ. 1927ರಲ್ಲಿ ಐಫೆಲ್ ಬೆಟ್ಟಗಳ ನಡುವೆ ತೆರೆದ ಆ ಹಾದಿ ಇಂದಿಗೂ ಬಳಕೆಯಲ್ಲಿದ್ದು, ಅದನ್ನು ಲೇಸರ್ ಯಂತ್ರದಿಂದ ಅಳೆದು ಸಿಮ್ಯುಲೇಟರುಗಳಿಗೆ ತರಲಾಗಿದೆ. ಈ ಯಂತ್ರ ಬೆಳಕಿನ ಮಿಡಿತಗಳನ್ನು ಎಲ್ಲ ದಿಕ್ಕಿಗೂ ಕಳಿಸಿ, ಅವು ಮರಳಿ ಬರುವ ಸಮಯದಿಂದ ದೂರವನ್ನು ಅರಿತು, ಕೋಟ್ಯಂತರ ಬಿಂದುಗಳ ಸಮೂಹವಾಗಿ ರಸ್ತೆಯ ಉಬ್ಬುತಗ್ಗುಗಳನ್ನು ಮಿಲಿಮೀಟರುಗಳ ಮಟ್ಟದಲ್ಲಿ ದಾಖಲಿಸುತ್ತದೆ. ಆದರೂ ಹೀಗೆ ಸಿಗುವುದು ಇಂದಿನ ರಸ್ತೆ ಮಾತ್ರ. 1970ರಲ್ಲಿ ಚಾಲಕರು ಸುರಕ್ಷತೆಯ ಪ್ರಶ್ನೆಯೆತ್ತಿ ಅಲ್ಲಿ ಓಡಲು ನಿರಾಕರಿಸಿದ ನಂತರ, ಕಾರುಗಳು ನೆಲಬಿಟ್ಟು ಹಾರುತ್ತಿದ್ದ ದಿಬ್ಬಗಳನ್ನು ತಗ್ಗಿಸಿ, ಅಂಚಿನ ಬೇಲಿಗಿಡಗಳನ್ನು ಕಿತ್ತು, ಲೋಹದ ತಡೆಗೋಡೆಗಳನ್ನು ಹಾಕಲಾಯಿತು. ಕ್ಲಾರ್ಕ್ ಓಡಿಸಿದ ರಸ್ತೆಯ ಮೇಲ್ಮೈ ಅಂದೇ ಕಳೆದುಹೋಯಿತು. ಅದನ್ನು ಯಾವ ಲೇಸರೂ ತಂದುಕೊಡಲಾರದು, ಹಳೆಯ ನಕ್ಷೆ, ವೈಮಾನಿಕ ಚಿತ್ರ ಮತ್ತು ಚಲನಚಿತ್ರದ ತುಣುಕುಗಳಿಂದ ಊಹಿಸಬೇಕಷ್ಟೆ. ಬೆಲ್ಜಿಯಂನ ಸ್ಪಾ ಹಾದಿ ಸ್ವಲ್ಪಮಟ್ಟಿಗೆ ಅದೃಷ್ಟಶಾಲಿ: 14.1 ಕಿ.ಮೀ. ಉದ್ದವಿದ್ದ ಅದನ್ನು 1979ರಲ್ಲಿ ಸುಮಾರು ಅರ್ಧಕ್ಕೆ ಇಳಿಸಿದರೂ, ಕೈಬಿಟ್ಟ ಬುರ್ನೆನ್‌ವಿಲ್, ಮಾಸ್ತಾ ಭಾಗಗಳು ಸಾರ್ವಜನಿಕ ರಸ್ತೆಗಳಾಗಿ ಉಳಿದಿವೆ.

ಆಕರಗಳನ್ನು ಒರೆಗೆ ಹಚ್ಚದಿದ್ದರೆ ಎಂಥ ತಪ್ಪಾಗಬಹುದು ಎಂಬುದನ್ನು ಇಟಲಿಯ ಮೊಂಝಾ ತೋರಿಸುತ್ತದೆ. ಅಲ್ಲಿ 1955ರಲ್ಲಿ ಕಟ್ಟಿದ ಕಡಿದಾದ ಇಳಿಜಾರಿನ ಕಾಂಕ್ರೀಟ್ ತಿರುವುಗಳನ್ನೂ ರಸ್ತೆಹಾದಿಯನ್ನೂ ಸೇರಿಸಿದ 10 ಕಿ.ಮೀ. ಸುತ್ತಿನಲ್ಲಿ ಇಟಾಲಿಯನ್ ಗ್ರಾಂಡ್ ಪ್ರಿ ಕೊನೆಯದಾಗಿ ನಡೆದದ್ದು 1961ರಲ್ಲಿ. ಆದರೆ ಜಾನ್ ಫ್ರಾಂಕನ್‌ಹೈಮರ್ ನಿರ್ದೇಶಿಸಿದ 1966ರ ಗ್ರಾಂಡ್ ಪ್ರಿ ಚಲನಚಿತ್ರ, ಆ ವರ್ಷದ ಪಂದ್ಯವೂ ಕಾಂಕ್ರೀಟ್ ತಿರುವುಗಳ ಮೇಲೆಯೇ ನಡೆಯಿತು ಎಂಬಂತೆ ಅವುಗಳನ್ನು ವೈಭವದಿಂದ ತೋರಿಸುತ್ತದೆ. ರಸ್ತೆಯ ಅಂಚು, ಮರಗಳ ಸಾಲು, ಗೋಡೆಗಳ ಎತ್ತರ ಮೊದಲಾದವಕ್ಕೆ ಈ ಚಿತ್ರ ಅಮೂಲ್ಯ ಸಾಕ್ಷಿ. ಅಂದು ಪಂದ್ಯ ಯಾವ ಮಾರ್ಗದಲ್ಲಿ ನಡೆಯಿತು ಎಂಬುದಕ್ಕೆ ಅದು ಸಾಕ್ಷಿಯೇ ಅಲ್ಲ.

ಗ್ರಾಂಡ್ ಪ್ರಿ ಲೆಜೆಂಡ್ಸ್ ಕೂಡ ಕೆಲವೆಡೆ ಚರಿತ್ರೆಯನ್ನು ತಿದ್ದಿದೆ. 1967ರ ಫ್ರೆಂಚ್ ಗ್ರಾಂಡ್ ಪ್ರಿ ನಡೆದದ್ದು ಲ ಮಾನ್‌ನ ಬುಗಾಟಿ ಹಾದಿಯಲ್ಲಿ. ಅದರ ಬದಲು ಸಿಮ್ಯುಲೇಟರಿನಲ್ಲಿ ಇಳಿಜಾರು ತಿರುವುಗಳಿಂದಲೂ ಕಲ್ಲುಹಾಸಿನ ಹೇರ್‌ಪಿನ್ ತಿರುವಿನಿಂದಲೂ ಪ್ರಸಿದ್ಧವಾದ ರುವಾನ್ ಹಾದಿಯನ್ನು ಇರಿಸಲಾಯಿತು. ಹೋಂಡಾ ಮತ್ತು ಕೂಪರ್ ಹೆಸರುಗಳ ಪರವಾನಗಿ ದೊರೆಯದೆ ಆ ಕಾರುಗಳು ಮುರಸಾಮಾ, ಕವೆಂಟ್ರಿ ಎಂಬ ಕಲ್ಪಿತ ಹೆಸರು ತಳೆದವು. ಮಾರಾಟದಲ್ಲಿ ಸೋತ ಈ ಕೃತಿಯನ್ನು ಉಳಿಸಿ ಬೆಳೆಸಿದವರು ಅದರ ಅಭಿಮಾನಿಗಳು: ಅವರು ಸಂಬಳವಿಲ್ಲದೆ ದುಡಿದು 1965ರ ಕಾರುಗಳನ್ನೂ ನೂರಾರು ಹಾದಿಗಳನ್ನೂ ಅದಕ್ಕೆ ಸೇರಿಸಿದರು. ರುವಾನ್ ಹಾದಿಯ ಕಟ್ಟೆ, ಪ್ರೇಕ್ಷಕ ಗ್ಯಾಲರಿಗಳನ್ನು 1999ರಲ್ಲಿ ಕೆಡವಿದ ಮೇಲೆ, ಅದನ್ನು ಪೂರ್ಣರೂಪದಲ್ಲಿ ಅರಿಯಲು ಹೊಸ ತಲೆಮಾರಿಗೆ ಇದ್ದ ಹತ್ತಿರದ ದಾರಿ ಈ ಸಿಮ್ಯುಲೇಟರೇ ಆಯಿತು.

ಸಿಮ್ಯುಲೇಟರಿನ ದಾಖಲೆ ವಾಸ್ತವದ ಗತಿಯನ್ನೇ ಬದಲಿಸಿದ ಪ್ರಸಂಗವೂ ಒಂದಿದೆ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ 1947ರಲ್ಲಿ ಆರಂಭವಾದ ನಾರ್ತ್ ವಿಲ್ಕ್ಸ್‌ಬರೊ ಹಾದಿ ಸುಮಾರು ಒಂದು ಕಿ.ಮೀ. ಉದ್ದದ ಅಂಡಾಕಾರದ ಸುತ್ತಾಗಿದ್ದು, ಅದರ ಮುಂಭಾಗ ಇಳಿಜಾರಾಗಿಯೂ ಹಿಂಭಾಗ ಏರಾಗಿಯೂ ಇರುವುದು ಅದರ ವೈಶಿಷ್ಟ್ಯ. ಹೊಸ ಒಡೆಯರು ಅದರ ಪಂದ್ಯದಿನಗಳನ್ನು ಬೇರೆಡೆಗೆ ಒಯ್ದ ಕಾರಣ 1996ರ ನಂತರ ಅಲ್ಲಿ ನ್ಯಾಸ್ಕಾರ್ ಪಂದ್ಯಗಳು ನಿಂತು, ಡಾಂಬರಿನ ಬಿರುಕುಗಳಲ್ಲಿ ಕಳೆ ಬೆಳೆಯಿತು. 2019ರ ಡಿಸೆಂಬರಿನಲ್ಲಿ ಹೆಸರಾಂತ ಚಾಲಕ ಡೇಲ್ ಅರ್ನ್‌ಹಾರ್ಟ್ ಜೂನಿಯರ್ ಸಂಗಡಿಗರೊಡನೆ ಆ ಕಳೆಯನ್ನು ಕಿತ್ತು ಹಾದಿಯನ್ನು ಗುಡಿಸಿದ್ದು ಪಂದ್ಯ ನಡೆಸುವುದಕ್ಕಲ್ಲ, ಲೇಸರಿನಿಂದ ಅಳೆದು ದಾಖಲಿಸುವುದಕ್ಕೆ. ಅಳತೆ ಮಾಡಿದ್ದು ಐರೇಸಿಂಗ್: ಪಪೈರಸ್‌ನ ಕೆಮರ್ ಜಾನ್ ಹೆನ್ರಿಯೊಡನೆ 2004ರಲ್ಲಿ ಸ್ಥಾಪಿಸಿದ, ಕಾರಿನ ಚಲನೆಯನ್ನು ಸೆಕೆಂಡಿಗೆ 360 ಬಾರಿ ಲೆಕ್ಕಹಾಕುವ ಸಿಮ್ಯುಲೇಟರಿನ ಸಂಸ್ಥೆ. 2020ರ ಮೇ ತಿಂಗಳಲ್ಲಿ, ಸಾಂಕ್ರಾಮಿಕದಿಂದ ನಿಜವಾದ ಪಂದ್ಯಗಳು ನಿಂತಿದ್ದಾಗ, ನ್ಯಾಸ್ಕಾರ್ ಚಾಲಕರು ತಮ್ಮ ಮನೆಗಳಿಂದಲೇ ಈ ಮರುಕಟ್ಟಿದ ಹಾದಿಯಲ್ಲಿ ಪೈಪೋಟಿ ನಡೆಸಿದರು. ಮರುವರ್ಷ ರಾಜ್ಯ ಸರ್ಕಾರ ಹಾದಿಯ ದುರಸ್ತಿಗೆ 1.8 ಕೋಟಿ ಡಾಲರ್ ಒದಗಿಸಿತು. 2023ರ ಮೇ ತಿಂಗಳಲ್ಲಿ ನ್ಯಾಸ್ಕಾರ್‌ನ ಆಲ್-ಸ್ಟಾರ್ ಪಂದ್ಯ ಅಲ್ಲಿ ನಡೆಯಿತು. ಈ ಪುನರುಜ್ಜೀವನಕ್ಕೆ ಸಿಮ್ಯುಲೇಟರ್ ಒಂದೇ ಕಾರಣವೆನ್ನುವುದು ಅತಿಶಯೋಕ್ತಿಯಾದರೂ, ಮರೆತ ಜಾಗವನ್ನು ಸಾವಿರಾರು ಜನರ ಕಣ್ಣಮುಂದೆ ಮತ್ತೆ ತಂದದ್ದು ಅದೇ. ಆ ಪಂದ್ಯದ ನಂತರ, 1981ರಲ್ಲಿ ಹಾಕಿದ್ದ ಹಳೆಯ ಡಾಂಬರನ್ನು ತೆಗೆದು ಹೊಸದನ್ನು ಹಾಸಲಾಗಿದ್ದು, ಹಳೆಯ ಮೇಲ್ಮೈಯ ಸೂಕ್ಷ್ಮ ಅಳತೆ ಇಂದು ಆ ಲೇಸರ್ ದಾಖಲೆಯಲ್ಲಿ ಉಳಿದಿದೆ.

ಇಷ್ಟಾದರೂ ಸಿಮ್ಯುಲೇಟರು ಕಟ್ಟಿಕೊಡಲಾಗದ ಒಂದು ಸಂಗತಿ ಆ ಯುಗದ ತಿರುಳಿಗೇ ಸೇರಿದ್ದು. 1966ರಲ್ಲಿ ಸ್ಪಾದಲ್ಲಿ ಅಪಘಾತಕ್ಕೀಡಾದ ಜಾಕಿ ಸ್ಟುವರ್ಟ್ ಪೆಟ್ರೋಲಿನಲ್ಲಿ ತೊಯ್ದು ಕಾರಿನೊಳಗೆ ಸಿಕ್ಕಿಬಿದ್ದಿದ್ದರು. 1967ರ ಮೇ ತಿಂಗಳಲ್ಲಿ ಮೊನಾಕೊದಲ್ಲಿ ಹೊತ್ತಿಕೊಂಡ ಕಾರಿನಲ್ಲಿ ಸುಟ್ಟ ಲೊರೆಂಝೊ ಬಂದೀನಿ ಮೂರು ದಿನಗಳ ನಂತರ ತೀರಿಕೊಂಡರು. ಮರುವರ್ಷ ಏಪ್ರಿಲ್ 7ರಂದು ಹಾಕನ್‌ಹೈಮಿನಲ್ಲಿ ಸ್ವತಃ ಕ್ಲಾರ್ಕ್ ಮಡಿದರು. ಸಿಮ್ಯುಲೇಟರಿನಲ್ಲಿಲ್ಲದ ಈ ಸಾವಿನ ಭಯವನ್ನು ಹೊತ್ತೇ ಅಂದಿನ ಚಾಲಕರು ಎಲ್ಲಿ ಬ್ರೇಕ್ ಒತ್ತಬೇಕೆಂದು ನಿರ್ಧರಿಸುತ್ತಿದ್ದರು. ಸಿಮ್ಯುಲೇಟರಿನಲ್ಲಿ ಕ್ಲಾರ್ಕ್‌ಗಿಂತ ಬೇಗ ಸುತ್ತು ಮುಗಿಸಿದವರು ಅವರನ್ನು ಮೀರಿಸಿದರೆಂದು ಭಾವಿಸುವುದು ತಪ್ಪು.

ಭಾರತದ ಮಟ್ಟಿಗೆ ಈ ವಿಚಾರ ದೂರದ್ದಲ್ಲ. ಸಿಲ್ವರ್‌ಸ್ಟೋನಿನಂತೆಯೇ ಯುದ್ಧಕಾಲದ ವಿಮಾನಪಟ್ಟಿಯಲ್ಲಿ ರೂಪುಗೊಂಡ ಚೆನ್ನೈ ಸಮೀಪದ ಶೋಳಾವರಂ ಹಾದಿಗೆ ಬೆಂಗಳೂರಿನ ಚಾಲಕರೂ ಪ್ರೇಕ್ಷಕರೂ ದಶಕಗಳ ಕಾಲ ಹೋಗುತ್ತಿದ್ದರು. 1990ರಲ್ಲಿ ಇರುಂಗಾಟ್ಟುಕೋಟೈಯ ಹೊಸ ಹಾದಿ ತೆರೆದ ಮೇಲೆ ಅದರ ಕಾಲ ಮುಗಿಯಿತು. ನಕ್ಷೆ, ಛಾಯಾಚಿತ್ರ, ಚಲನಚಿತ್ರದ ತುಣುಕುಗಳಿಲ್ಲದೆ ಅದನ್ನು ಯಾವ ತಂತ್ರಜ್ಞಾನವೂ ಮರುಕಟ್ಟಲಾರದು. ಶೋಳಾವರಂ ಪಂದ್ಯಗಳ ಫೋಟೊ, ಫಿಲ್ಮು, ಕಾರ್ಯಕ್ರಮ ಪುಸ್ತಿಕೆಗಳು ಮನೆಯಲ್ಲಿರುವವರು ಅವುಗಳ ಹಿಂದೆ ವರ್ಷವನ್ನೂ ಹಾದಿಯ ಯಾವ ಭಾಗದಲ್ಲಿ ತೆಗೆದದ್ದೆಂಬುದನ್ನೂ ಬರೆದಿಟ್ಟು, ಒಂದು ಪ್ರತಿಯನ್ನು ಸಾರ್ವಜನಿಕ ಗ್ರಂಥಾಲಯಕ್ಕೋ ಪತ್ರಾಗಾರಕ್ಕೋ ಒಪ್ಪಿಸಬೇಕು.