ಹಳೇ ಕೋಡು, ಹೊಸ ರಾಕೆಟ್ಟು

1996ರ ಜೂನ್ 4. ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದ ಕೌರು ಉಡಾವಣಾ ಕೇಂದ್ರ. ಯುರೋಪಿನ ಹೊಚ್ಚ ಹೊಸ ರಾಕೆಟ್ ಏರಿಯಾನ್-5 ಮೊದಲ ಸಲ ಮೇಲೇರ್ತಾ ಇದೆ. ಒಳಗೆ ವಿಜ್ಞಾನಿಗಳು ವರ್ಷಗಟ್ಟಲೆ ಕೂತು ಮಾಡಿದ ನಾಲ್ಕು ಕ್ಲಸ್ಟರ್ ಉಪಗ್ರಹಗಳು. ನಲವತ್ತು ಸೆಕೆಂಡೂ ಆಗಿರಲಿಲ್ಲ, ರಾಕೆಟ್ ದಾರಿ ತಪ್ಪಿ ವಾಲಿತು, ಆಕಾಶದಲ್ಲೇ ಚೂರುಚೂರಾಯಿತು.

"ಒಳ್ಳೇ ಸಾಫ್ಟ್‌ವೇರ್ ಎಂಜಿನಿಯರ್ ಆಗೋಕೆ ಯಾವ ಲ್ಯಾಂಗ್ವೇಜ್ ಕಲೀಬೇಕು ಸರ್?" ಅಂತ ಹುಡುಗರು ಕೇಳ್ತಾರೆ. ಎಂಜಿನಿಯರಿಂಗ್ ಓದಿ ಕ್ಯಾಮೆರಾ ಮುಂದೆ ಬಂದು ನಿಂತವನನ್ನು ಕೇಳೋದೇ ತಮಾಷೆ! ಆದರೂ ನಾನು ಅವರಿಗೆ ಈ ಕಥೆ ಹೇಳ್ತೀನಿ.

ರಾಕೆಟ್ ಎಲ್ಲಿದೆ, ಯಾವ ಕಡೆ ವಾಲಿದೆ ಅಂತ ಲೆಕ್ಕ ಹಾಕೋ ಒಂದು ಕಂಪ್ಯೂಟರ್ ಇತ್ತು. ಅದರ ಸಾಫ್ಟ್‌ವೇರ್ ಏರಿಯಾನ್-4ರದ್ದು. ಅಲ್ಲಿ ಚೆನ್ನಾಗಿ ಓಡಿತ್ತು, ಇಲ್ಲಿಗೂ ತಂದು ಕೂರಿಸಿದರು. ಆದರೆ ಹೊಸ ರಾಕೆಟ್ ಹೊರಟ ಆರಂಭದಲ್ಲೇ ಅಡ್ಡಡ್ಡಕ್ಕೆ ಹೆಚ್ಚು ವೇಗ ಪಡೆಯುವಂಥದ್ದು. ಆ ವೇಗಕ್ಕೆ ಸಂಬಂಧಪಟ್ಟ 64 ಬಿಟ್‌ನ ಒಂದು ಸಂಖ್ಯೆಯನ್ನು 16 ಬಿಟ್‌ನ ಜಾಗಕ್ಕೆ ತುಂಬಲು ಹೋದರೆ ಹಿಡಿಸಲಿಲ್ಲ. ಅಲ್ಲಿ ಹಿಡಿಯೋದು 32,767ರ ತನಕ ಮಾತ್ರ. ಪಾವಿನ ಪಾತ್ರೆಗೆ ಸೇರಕ್ಕಿ ಸುರಿದ ಹಾಗೆ! ಕಂಪ್ಯೂಟರ್ ಕೈ ಚೆಲ್ಲಿತು. ಇನ್ನೊಂದು ಇರಲಿಲ್ವಾ? ಇತ್ತು ಸ್ವಾಮಿ, ಅದರಲ್ಲೂ ಅದೇ ಸಾಫ್ಟ್‌ವೇರ್. ಅದು ಕ್ಷಣದ ಮೊದಲೇ ಅದೇ ಕಾರಣಕ್ಕೆ ನಿಂತಿತ್ತು. ಕೊನೆಗೆ, ಕೆಟ್ಟ ಕಂಪ್ಯೂಟರ್ ಕಳಿಸಿದ ದೋಷದ ಸಂದೇಶವನ್ನೇ ಮುಖ್ಯ ಕಂಪ್ಯೂಟರ್ ಹಾರಾಟದ ಮಾಹಿತಿ ಅಂದುಕೊಂಡು ಎಂಜಿನ್‌ಗಳ ನಳಿಕೆಗಳನ್ನು ಪೂರ್ತಿ ತಿರುಗಿಸಿಬಿಟ್ಟಿತು.

ಹೊಟ್ಟೆ ಉರಿಯೋದು ಎಲ್ಲಿ ಗೊತ್ತಾ? ನೆಲ ಬಿಟ್ಟ ಮೇಲೆ ಏರಿಯಾನ್-5ಕ್ಕೆ ಆ ಲೆಕ್ಕ ಬೇಕಾಗಿಯೇ ಇರಲಿಲ್ಲ. ಹಳೇ ರಾಕೆಟ್ಟಿನ ಅಗತ್ಯಕ್ಕಂತ ಇಟ್ಟಿದ್ದು, ಮೇಲೆದ್ದ ನಂತರವೂ ಸುಮಾರು 40 ಸೆಕೆಂಡು ಸುಮ್ಮನೆ ಓಡ್ತಾ ಇತ್ತು.

ಪ್ರೋಗ್ರಾಮರ್ ದಡ್ಡ ಅನ್ನಬೇಡಿ. ಗಣಿತಜ್ಞ ಜಾಕ್ ಲೂಯಿ ಲಿಯೋನ್ಸ್ ನೇತೃತ್ವದ ತನಿಖಾ ಸಮಿತಿ ಹೇಳಿದ ಪ್ರಕಾರ, ಅಪಾಯ ಇದ್ದ ಏಳು ಸಂಖ್ಯೆಗಳಲ್ಲಿ ನಾಲ್ಕಕ್ಕೆ ರಕ್ಷಣೆ ಕೊಟ್ಟಿದ್ದರು. ಕಂಪ್ಯೂಟರಿನ ಮೇಲಿನ ಹೊರೆ 80% ದಾಟಬಾರದು ಅಂತ ಉಳಿದ ಮೂರನ್ನು ಬಿಟ್ಟರು. ಏರಿಯಾನ್-4ರ ಮಟ್ಟಿಗೆ ಅದು ಸರಿಯಾದ ಲೆಕ್ಕವೇ. ಆದರೆ ಯಾಕೆ ಬಿಟ್ಟೆವು ಅನ್ನೋದನ್ನು ಕೋಡಿನಲ್ಲಿ ಬರೆದಿಟ್ಟಿರಲಿಲ್ಲ. ಹೊಸ ರಾಕೆಟ್ಟಿನ ಹಾರಾಟದ ಅಂಕಿಗಳನ್ನು ಹಾಕಿ ಆ ಕಂಪ್ಯೂಟರನ್ನು ಪರೀಕ್ಷಿಸಿಯೂ ಇರಲಿಲ್ಲ. ಅಪಘಾತ ಆದ ಮೇಲೆ ಹಾಕಿ ನೋಡಿದರು. ಪ್ರಯೋಗಾಲಯದಲ್ಲೂ ಅದೇ ದೋಷ, ಹಾಗೇ ಬಂತು!

ಇದನ್ನು ಓದಿದಾಗ ನನಗೆ ನನ್ನ ಫೈನಲ್ ಇಯರ್ ಪ್ರಾಜೆಕ್ಟ್ ನೆನಪಾಯಿತು. ಸೀನಿಯರ್ ಒಬ್ಬರ ಕೋಡು, ಮೇಲೆ ನಮ್ಮ ಹೆಸರು. "ಈ ಸಾಲು ಇಲ್ಲಿ ಯಾಕಿದೆ?" ಅಂತ ಎಕ್ಸ್‌ಟರ್ನಲ್ ಕೇಳಿದರು. "ತೆಗೆದರೆ ಓಡಲ್ಲ ಸರ್" ಅಂದೆ. ಪಾಸ್ ಮಾಡಿಬಿಟ್ಟರು!

ಏರಿಯಾನ್-5 ಆಮೇಲೆ ಸುಧಾರಿಸಿಕೊಂಡಿತು. 2000ದ ಮಾರ್ಚ್‌ನಲ್ಲಿ ನಮ್ಮ ಇನ್ಸಾಟ್-3ಬಿ ಅದರಲ್ಲೇ ಕೂತು ಕೌರುವಿನಿಂದ ಹೊರಟಿತು, ಹಾಸನದ ಕೇಂದ್ರ ಅದನ್ನು ನೋಡಿಕೊಂಡಿತು. ಅದೇ ವರ್ಷ ಕ್ಲಸ್ಟರ್ ಉಪಗ್ರಹಗಳನ್ನು ಹೊಸದಾಗಿ ಮಾಡಿ ಕಳಿಸಿದರು. ಈ ಸಲ ಹತ್ತಿಸಿದ್ದು ಮಾತ್ರ ರಷ್ಯಾದ ಸೋಯುಜ್ ರಾಕೆಟ್ಟಿಗೆ.